ಒಂದು ಸ್ಕ್ರೂಡ್ರೈವರಿನ ಹಿಂದೆ ಹೋದಾಗ

ನನ್ನ ಅಕ್ಕನ ಮಗಳು ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದಾಳೆ. ಬೇಸಿಗೆ ರಜೆಯಲ್ಲಿ ಅವಳ ಮನೆಗೆ ಹೋಗಿದ್ದಾಗ, ಪಕ್ಕದ ಮನೆಯ ಯಜಮಾನರು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಬೆಂಚು ಹಾಕಿಕೊಂಡು ಏನನ್ನೋ ಜೋಡಿಸುತ್ತಿದ್ದರು. ಹಳೆಯ ರೇಡಿಯೋ ಇರಬೇಕು ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ರೈಫಲ್ಲು!

ಬಿಡಿಭಾಗಗಳನ್ನು ಅಂಗಡಿಯಿಂದ ತಂದಿದ್ದರಂತೆ. ಈಗ ಅವರ ಚಿಂತೆಯೆಲ್ಲ ಉಪಕರಣಗಳದು. ದುಡ್ಡು ಕಡಿಮೆಯಿದ್ದರೂ ವೈಸ್ ಮಾತ್ರ ಗಟ್ಟಿಯಾದದ್ದೇ ಬೇಕು, ಸುತ್ತಿಗೆ ಸಾಧಾರಣದ್ದಾದರೂ ನಡೆಯುತ್ತದೆ, ಸ್ಕ್ರೂಡ್ರೈವರಿನಲ್ಲಿ ಜಿಪುಣತನ ಮಾಡಿದರೆ ಸ್ಕ್ರೂವಿನ ತಲೆ ಸವೆದು ಎಲ್ಲ ಹಾಳು ಎಂದು ನಗುತ್ತಾ ಹೇಳಿದರು. ನಮ್ಮಲ್ಲಿ ಹೊಸ ಮಿಕ್ಸಿ ಕೊಳ್ಳುವಾಗ ನಾವು ಹೇಳುವ ಹಾಗೆಯೇ ಇತ್ತು ಆ ಮಾತು. ಒಳ್ಳೆಯ ಮನುಷ್ಯ. ಹಿಂದಿನ ದಿನ ತಾನೇ ಅವರ ಹೆಂಡತಿ ಹಿತ್ತಲಿನ ಟೊಮೆಟೊ ತಂದುಕೊಟ್ಟಿದ್ದರು.

ಸ್ಕ್ರೂಡ್ರೈವರ್ ಕಂಡ ಕೂಡಲೇ ನನಗೆ ಅಮ್ಮನ ಹೊಲಿಗೆ ಯಂತ್ರ ನೆನಪಾಯಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ರವಿಕೆ ಹೊಲಿದೇ ನಮ್ಮನ್ನು ಓದಿಸಿದಳು. ಯಂತ್ರದ ಡ್ರಾಯರಿನಲ್ಲಿ ಎಣ್ಣೆ ಡಬ್ಬಿ, ಸೂಜಿಗಳು ಮತ್ತು ಒಂದು ಪುಟ್ಟ ಸ್ಕ್ರೂಡ್ರೈವರ್ ಇರುತ್ತಿದ್ದವು. ಒಮ್ಮೆ ಮದುವೆ ಮನೆಯ ಮೂರು ರವಿಕೆ ಬಾಕಿ ಇರುವಾಗಲೇ ಬಾಬಿನ್ ಕೇಸು ಕೆಳಗೆ ಬಿದ್ದು ನೆಗ್ಗಿತು. ಅಮ್ಮ ಅಳುವುದೊಂದೇ ಬಾಕಿ. ನಾನು ಪೇಟೆಗೆ ಓಡಿ ಹೊಸದು ತಂದೆ. ಅಮ್ಮ ಅದನ್ನು ಕೂರಿಸಿದಳು, ಟಕ್ ಎಂದು ಕೂತಿತು. ಎಲ್ಲೋ ಮಾಡಿದ ಭಾಗ ನಮ್ಮ ಮನೆಯ ಯಂತ್ರಕ್ಕೆ ಹೇಗೆ ಹೊಂದಿತು ಎಂದು ಆಗ ನಾನು ಯೋಚಿಸಿರಲಿಲ್ಲ.

ಹದಿನೆಂಟನೆಯ ಶತಮಾನದಲ್ಲಿ ಅದು ಸಾಧ್ಯವಿರಲಿಲ್ಲ. ಬಂದೂಕಿನ ಕಮ್ಮಾರ ಒಂದೊಂದು ಭಾಗವನ್ನೂ ಅರದಿಂದ ಉಜ್ಜಿ ಉಜ್ಜಿ ಹೊಂದಿಸುತ್ತಿದ್ದ. ಒಂದು ಬಂದೂಕಿನ ಸ್ಕ್ರೂ ಪಕ್ಕದ ಬಂದೂಕಿಗೆ ಹಿಡಿಯುತ್ತಿರಲಿಲ್ಲ. ಯುದ್ಧದಲ್ಲಿ ಸಣ್ಣದೊಂದು ಭಾಗ ಮುರಿದರೂ ಕಮ್ಮಾರನೇ ಬರಬೇಕು. ಫ್ರಾನ್ಸಿನ ಒನೊರೆ ಬ್ಲಾಂಕ್ ಎಂಬಾತ ಇದಕ್ಕೆ ದಾರಿ ಹುಡುಕಿದ. 1785ರಲ್ಲಿ ಪ್ಯಾರಿಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ಅವನ ಕಾರ್ಖಾನೆ ನೋಡಲು ಹೋದರು. ಐವತ್ತು ಬಂದೂಕಿನ ಕುದುರೆಯ ಭಾಗಗಳು ಬಿಡಿಬಿಡಿಯಾಗಿ ಅಲ್ಲಿದ್ದವು. ಕೈಗೆ ಸಿಕ್ಕಿದ್ದನ್ನು ತೆಗೆದು ಜೆಫರ್ಸನ್ನರೇ ಜೋಡಿಸಿದರು. ಎಲ್ಲವೂ ಸರಿಯಾಗಿ ಕೂತವು. ಅವರು ಆ ಸುದ್ದಿಯನ್ನು ತಮ್ಮ ದೇಶಕ್ಕೆ ಬರೆದು ತಿಳಿಸಿದರು.

ಅಮೆರಿಕದಲ್ಲಿ ಈ ಕೀರ್ತಿಯನ್ನು ಬಹಳ ಕಾಲ ಎಲೈ ವಿಟ್ನಿಗೆ ಕೊಡುತ್ತಿದ್ದರು. ಹತ್ತಿ ಬಿಡಿಸುವ ಯಂತ್ರ ಮಾಡಿದನೆಂದು ನಾವು ತರಗತಿಯಲ್ಲಿ ಪಾಠ ಮಾಡುತ್ತೇವಲ್ಲ, ಅವನೇ. 1798ರಲ್ಲಿ ಎರಡು ವರ್ಷದೊಳಗೆ ಹತ್ತು ಸಾವಿರ ಬಂದೂಕು ಕೊಡುತ್ತೇನೆಂದು ಒಪ್ಪಿಕೊಂಡವನು ಮುಗಿಸುವಾಗ 1809 ಆಗಿತ್ತು. ಅವನ ಬಂದೂಕುಗಳ ಭಾಗಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲವೆಂದು ಇತಿಹಾಸಕಾರರು ಆಮೇಲೆ ಕಂಡುಕೊಂಡರು. ನಿಜವಾದ ಕೆಲಸ ನಡೆದದ್ದು ಸರ್ಕಾರಿ ಆಯುಧಶಾಲೆಗಳಲ್ಲಿ. ಹಾರ್ಪರ್ಸ್ ಫೆರಿಯಲ್ಲಿ ಜಾನ್ ಹಾಲ್ ಅಳತೆಯ ಗೇಜುಗಳನ್ನು ಮಾಡಿದ. ಸ್ಪ್ರಿಂಗ್‌ಫೀಲ್ಡಿನಲ್ಲಿ ಥಾಮಸ್ ಬ್ಲಾಂಚರ್ಡ್ ಬಂದೂಕಿನ ಮರದ ಹಿಡಿಯನ್ನು ಒಂದರಂತೆ ಇನ್ನೊಂದು ಕಡೆಯುವ ಯಂತ್ರ ಮಾಡಿದ.

1854ರಲ್ಲಿ ಬ್ರಿಟಿಷರ ತಂಡವೊಂದು ಸ್ಪ್ರಿಂಗ್‌ಫೀಲ್ಡಿಗೆ ಬಂತು. ಬೇರೆ ಬೇರೆ ವರ್ಷ ಮಾಡಿದ ಹತ್ತು ಬಂದೂಕುಗಳನ್ನು ಬಿಚ್ಚಿಸಿ, ಭಾಗಗಳನ್ನೆಲ್ಲ ಕಲಸಿ, ಮತ್ತೆ ಜೋಡಿಸು ಎಂದಿತು. ಕೆಲಸಗಾರ ಜೋಡಿಸಿಯೇ ಬಿಟ್ಟ. ಅವನು ಬಳಸಿದ್ದು ಒಂದೇ ಒಂದು ಉಪಕರಣ, ಸ್ಕ್ರೂಡ್ರೈವರ್! ಬೆರಗಾದ ಬ್ರಿಟಿಷರು ಆ ಯಂತ್ರಗಳನ್ನೇ ಕೊಂಡು ತಮ್ಮ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಇಟ್ಟರು. ಎನ್‌ಫೀಲ್ಡ್ ಎಂದರೆ ನಮಗೆ 1857 ನೆನಪಾಗುತ್ತದೆ. ಆ ರೈಫಲ್ಲಿನ ಕೊಬ್ಬು ಸವರಿದ ತೋಟೆಯೂ ಸಿಪಾಯಿಗಳ ಸಿಟ್ಟಿಗೆ ಒಂದು ಕಾರಣವಾಗಿತ್ತು. ಅದೇ ವರ್ಷ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯ್ದೆ ಬಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಸೈನ್ಯ ಊರಿಗೇ ಬೆಂಕಿ ಇಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಆದ್ದರಿಂದ ಮನೆಯಲ್ಲಿ ಆಯುಧ ಇಟ್ಟುಕೊಳ್ಳುವುದು ತನ್ನ ಹಕ್ಕು ಎಂದು ಆ ಯಜಮಾನರು ಹೇಳಿದಾಗ ನಾನು ತಟ್ಟನೆ ಇಲ್ಲವೆನ್ನಲಿಲ್ಲ.

ಬಂದೂಕಿಗಾಗಿ ಕಲಿತ ವಿದ್ಯೆ ಅಲ್ಲಿಗೇ ನಿಲ್ಲಲಿಲ್ಲ. ಆಯುಧಶಾಲೆಗಳಲ್ಲಿ ಕೈ ಪಳಗಿದವರು ಹೊಲಿಗೆ ಯಂತ್ರದ ಕಾರ್ಖಾನೆಗಳಿಗೆ ಹೋದರು, ಅಲ್ಲಿಂದ ಸೈಕಲ್ಲಿಗೆ ಹೋದರು. 1816ರಲ್ಲಿ ಬಂದೂಕಿನ ನಳಿಗೆಯಿಂದ ಆರಂಭವಾದ ರೆಮಿಂಗ್ಟನ್ ಕಂಪನಿ ಹೊಲಿಗೆ ಯಂತ್ರವನ್ನೂ ಮಾಡಿತು, 1873ರಲ್ಲಿ ಟೈಪ್‌ರೈಟರ್ ಮಾಡಲು ಒಪ್ಪಂದ ಮಾಡಿಕೊಂಡಿತು. ಎಷ್ಟು ಹೆಣ್ಣುಮಕ್ಕಳು ಟೈಪಿಂಗ್ ಕಲಿತು ಕಚೇರಿಯ ಮೆಟ್ಟಿಲು ಹತ್ತಿದರು! ಅಮ್ಮನ ಬಾಬಿನ್ ಕೇಸು ಟಕ್ ಎಂದು ಕೂತದ್ದರ ಹಿಂದೆಯೂ ಇದೇ ವಿದ್ಯೆ ಇತ್ತು. ಆ ಬಂದೂಕುಗಳ ಋಣ ನನ್ನ ಓದಿನ ಮೇಲೂ ಇದೆ ಎಂದು ತಿಳಿದಾಗ ಮನಸ್ಸಿಗೆ ಹೇಗೋ ಆಯಿತು.

ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವುದು ಅಪರಾಧ. ಅಮೆರಿಕದ ಕೇಂದ್ರ ಕಾನೂನು ಹಾಗಲ್ಲ. ಮಾರಾಟಕ್ಕೆ ಮಾಡುವವನಿಗೆ ಲೈಸೆನ್ಸ್ ಬೇಕು, ಸ್ವಂತಕ್ಕೆ ಜೋಡಿಸಿಕೊಳ್ಳುವವನಿಗೆ ಸಾಮಾನ್ಯವಾಗಿ ಬೇಡ. ಹೀಗೆ ಮನೆಯಲ್ಲಿ ಮಾಡಿದ, ನಂಬರೇ ಇಲ್ಲದ ಬಂದೂಕುಗಳು ಅಪರಾಧಗಳಲ್ಲಿ ಸಿಕ್ಕತೊಡಗಿದ್ದರಿಂದ 2022ರಲ್ಲಿ ಬಿಡಿಭಾಗಗಳ ಕಿಟ್‌ಗಳಿಗೂ ನಂಬರು ಇರಬೇಕೆಂದು ನಿಯಮ ತಂದರು. 2025ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಪಕ್ಕದ ಮನೆಯವರದಕ್ಕೆ ನಂಬರಿತ್ತು, ಅವರೇ ತೋರಿಸಿದರು.

ಅಂದು ಸಂಜೆ ಅಕ್ಕನ ಮೊಮ್ಮಗಳು ಶಾಲೆಯಿಂದ ಬಂದಳು. ಎರಡನೆಯ ಕ್ಲಾಸು. "ಅಜ್ಜಿ, ಇವತ್ತು ನಾವೆಲ್ಲ ದೀಪ ಆರಿಸಿ ಮೂಲೆಯಲ್ಲಿ ಕೂತಿದ್ವಿ, ನಾನು ಒಂಚೂರೂ ಸದ್ದು ಮಾಡಲಿಲ್ಲ" ಎಂದಳು. ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಏನು ಮಾಡಬೇಕೆಂದು ಅಲ್ಲಿ ಮಕ್ಕಳಿಗೆ ಅಭ್ಯಾಸ ಮಾಡಿಸುತ್ತಾರೆ. ಇಷ್ಟು ವರ್ಷ ತರಗತಿಯಲ್ಲಿ "ಸದ್ದು ಮಾಡಬೇಡಿ" ಎಂದು ಗದರಿಸುತ್ತಲೇ ಬಂದವಳು ನಾನು. ಆ ಮಗುವಿಗೆ ಶಹಭಾಸ್ ಎನ್ನಲು ನನ್ನಿಂದಾಗಲಿಲ್ಲ. ಹತ್ತಿರ ಕರೆದು ತಲೆ ಬಾಚಿದೆ. ಅವಳ ಫ್ರಾಕಿನ ಅಂಚು ಬಿಚ್ಚಿತ್ತು. ಸೂಜಿ ದಾರ ತರಲು ಹೇಳಿ, ಕೂತು ಹೊಲಿದುಕೊಟ್ಟೆ.