ರೂಪಾಯಿ, ಯೂರೋ ಮತ್ತು ಮಾಯಕೊಂಡದ ಕೂಲಿ: ಡಿಜಿಟಲ್ ಆಟಗಳ ಪ್ರಾದೇಶಿಕ ಬೆಲೆಯಲ್ಲಿ ನ್ಯಾಯದ ಅಳತೆ

ಪ್ಲೇಸ್ಟೇಷನ್ 5ಕ್ಕಾಗಿ ಹೊರತಂದ ದೊಡ್ಡ ಆಟಗಳಿಗೆ ಸೋನಿ ಕಂಪನಿ ಅಮೆರಿಕದಲ್ಲಿ 69.99 ಡಾಲರ್, ಯೂರೋಪಿನಲ್ಲಿ 79.99 ಯೂರೋ, ಭಾರತದಲ್ಲಿ 4,999 ರೂಪಾಯಿ ಬೆಲೆ ಇಟ್ಟಿತು. ವಿನಿಮಯ ದರದ ಲೆಕ್ಕದಲ್ಲಿ ಮೂವರಲ್ಲಿ ಭಾರತದವನಿಗೇ ಅಗ್ಗ. ಕೂಲಿಯ ಲೆಕ್ಕ ಹಿಡಿದರೆ ಮಾತು ತಲೆಕೆಳಗಾಗುತ್ತದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ದಾವಣಗೆರೆ ತಾಲ್ಲೂಕಿನ ಮಾಯಕೊಂಡದಲ್ಲಿ ಈ ಕೂಲಿಗೆ ದುಡಿಯುವವರಿಗೆ ಆ ಒಂದು ಆಟ ಹದಿಮೂರೂವರೆ ದಿನದ ದುಡಿಮೆ. ಅಮೆರಿಕದ ಫೆಡರಲ್ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, ಅಲ್ಲಿ ಅದೇ ಆಟಕ್ಕೆ ಹತ್ತು ಗಂಟೆಯೂ ಬೇಡ. ಈ ಸೀಮೆಯ ಮುಖ್ಯ ಬೆಳೆ ಮೆಕ್ಕೆಜೋಳದಲ್ಲೇ ಅಳೆಯುವುದಾದರೆ, ಅದೇ ಸಾಲಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಎರಡು ಕ್ವಿಂಟಲ್ ಮಾರಿದರೂ ಆಟದ ಬೆಲೆಗೆ ಇನ್ನೂರು ರೂಪಾಯಿಯಷ್ಟು ಸಾಲದು.

ಡಿಜಿಟಲ್ ಆಟಗಳ ಬೆಲೆಯಲ್ಲಿ ಅನ್ಯಾಯ ಎಂಬ ದೂರು ಜೋರಾಗಿ ಕೇಳಿಬಂದದ್ದು ಯೂರೋಪಿನಿಂದ. ವಾಲ್ವ್ ಕಂಪನಿಯ ಸ್ಟೀಮ್ ಅಂಗಡಿ 2008ರ ಡಿಸೆಂಬರಿನಲ್ಲಿ ಯೂರೋದಲ್ಲಿ ಬೆಲೆ ತೋರಿಸತೊಡಗಿದಾಗ ಎಷ್ಟೋ ಆಟಗಳಲ್ಲಿ ಡಾಲರಿನ ಅಂಕಿಯೇ ಯೂರೋದ ಅಂಕಿಯಾಯಿತು: 49.99 ಡಾಲರಿನದು 49.99 ಯೂರೋ. ಆ ವರ್ಷ ಒಂದು ಯೂರೋದ ಸರಾಸರಿ ಮೌಲ್ಯ ಸುಮಾರು 1.47 ಡಾಲರ್. ಇಲ್ಲಿ ಒಂದು ಎಚ್ಚರ ಬೇಕು. ಯೂರೋಪಿನ ಬೆಲೆಯೊಳಗೆ ತೆರಿಗೆ ಸೇರಿರುತ್ತದೆ, ಅಮೆರಿಕದ ಬೆಲೆಯಲ್ಲಿ ಸೇರಿರುವುದಿಲ್ಲ. ಜರ್ಮನಿಯ 19 ಶೇಕಡಾ ತೆರಿಗೆಯನ್ನು ಪೂರ್ತಿ ಕಳೆದರೂ ಆ ಸರಾಸರಿ ದರದಲ್ಲಿ 61 ಡಾಲರ್ ದಾಟುತ್ತದೆ. ಯೂರೋ 1.18 ಡಾಲರಿನ ಆಸುಪಾಸಿಗೆ ಇಳಿದಾಗಲಾದರೋ ತೆರಿಗೆ ಕಳೆದ ಮೇಲೆ ಎರಡೂ ಹೆಚ್ಚುಕಡಿಮೆ ಸಮ. ಹಾಗಾಗಿ ಅಂಕಿಗೆ ಅಂಕಿ ಇಟ್ಟರು ಎಂಬುದೊಂದರಿಂದಲೇ ಅನ್ಯಾಯ ಸಾಬೀತಾಗುವುದಿಲ್ಲ.

ನಿಜವಾದ ಅನ್ಯಾಯ ಯೂರೋಪಿನ ಒಳಗೇ ಇದೆ, ಅದರ ಬಗ್ಗೆ ಮಾತು ಕಡಿಮೆ. 2025ರಲ್ಲಿ ಲಾಟ್ವಿಯಾದ ಕನಿಷ್ಠ ವೇತನ ತಿಂಗಳಿಗೆ 740 ಯೂರೋ. ಜರ್ಮನಿಯದು 2,100ಕ್ಕೂ ಹೆಚ್ಚು. ಇಬ್ಬರಿಗೂ ಕರೆನ್ಸಿ ಒಂದೇ ಆದ್ದರಿಂದ ಬೆಲೆಯೂ ಒಂದೇ, 79.99 ಯೂರೋ. ಲಾಟ್ವಿಯಾದವನ ತಿಂಗಳ ದುಡಿಮೆಯ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಒಂದು ಆಟಕ್ಕೆ ಹೋಗುತ್ತದೆ. ಪ್ರದೇಶವನ್ನು ಗುರುತಿಸಿದ್ದು ಕರೆನ್ಸಿ. ಜನರ ಗಳಿಕೆಯನ್ನು ಯಾರೂ ಕೇಳಲಿಲ್ಲ.

ಕಾನೂನು ಕೈಹಾಕಿದ್ದು ಬೇರೆ ಕಡೆ. 2021ರ ಜನವರಿ 20ರಂದು ಯೂರೋಪಿಯನ್ ಆಯೋಗ ವಾಲ್ವ್ ಹಾಗೂ ಬಂದೈ ನ್ಯಾಮ್ಕೊ, ಕ್ಯಾಪ್‌ಕಾಮ್, ಫೋಕಸ್ ಹೋಮ್, ಕೋಖ್ ಮೀಡಿಯಾ, ಜೆನಿಮ್ಯಾಕ್ಸ್ ಕಂಪನಿಗಳಿಗೆ ಒಟ್ಟು 78 ಲಕ್ಷ ಯೂರೋ ದಂಡ ಹಾಕಿತು. ಪೋಲೆಂಡ್, ಹಂಗೆರಿ, ರೊಮೇನಿಯಾ, ಬಾಲ್ಟಿಕ್ ದೇಶಗಳಂಥ ಪೂರ್ವದ ಮಾರುಕಟ್ಟೆಗಳಲ್ಲಿ ಅಗ್ಗವಾಗಿ ಮಾರಿದ ಆಟದ ಕೀಗಳು (ಆಟ ತೆರೆಯುವ ಸಂಕೇತಗಳು) ಯೂರೋಪಿಯನ್ ಒಕ್ಕೂಟದ ಬೇರೆ ಸದಸ್ಯ ದೇಶಗಳಲ್ಲಿ ತೆರೆಯದಂತೆ ಬೀಗ ಹಾಕಿದ್ದು ತಪ್ಪು ಎಂಬುದು ತೀರ್ಪು. 2023ರ ಸೆಪ್ಟೆಂಬರಿನಲ್ಲಿ ಅಲ್ಲಿನ ಜನರಲ್ ಕೋರ್ಟ್ ವಾಲ್ವ್‌ನ ಮೇಲ್ಮನವಿಯನ್ನು ತಳ್ಳಿಹಾಕಿತು. ಒಂದೇ ಮಾರುಕಟ್ಟೆ ಎಂಬ ತತ್ತ್ವಕ್ಕೆ ಇದು ಸರಿ. ಆದರೆ ಬೀಗ ತೆಗೆದರೆ ಜರ್ಮನಿಯವನು ಪೂರ್ವದ ಬೆಲೆಗೆ ಕೊಳ್ಳುತ್ತಾನೆ. ಮಾರುವವನು ಪೂರ್ವದ ಬೆಲೆಯನ್ನೇ ಏರಿಸಲು ನೋಡುತ್ತಾನೆ. ಗಡಿ ದಾಟುವ ಹಕ್ಕು ಉಳ್ಳವನಿಗೆ ಸಿಕ್ಕಿತು, ಅದರ ಖರ್ಚು ಇಲ್ಲದವನ ಮೇಲೆ ಬೀಳುವಂತಾಯಿತು.

ಮಾರುಕಟ್ಟೆಗಳ ನಡುವೆ ಹಾಕುವ ಇಂಥ ಬೇಲಿಯ ಗುಣ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಪ್ರೆಂಟಿಸ್ ಹಾಲ್ ಆಫ್ ಇಂಡಿಯಾದ ‘ಈಸ್ಟರ್ನ್ ಎಕಾನಮಿ ಎಡಿಷನ್’ ಪುಸ್ತಕಗಳನ್ನು ಹಿಡಿದು ಇಂಜಿನಿಯರಿಂಗ್ ಓದಿದವರು ಈ ನಾಡಿನ ತುಂಬ ಇದ್ದಾರೆ. ಇಂಥ ಅಗ್ಗದ ಮುದ್ರಣಗಳ ಮೇಲೆ, ನಿಗದಿತ ದೇಶಗಳ ಹೊರಗೆ ಮಾರಬಾರದು ಎಂಬ ಸಾಲು ಇರುತ್ತದೆ. ಆ ಸಾಲಿನ ಆಸರೆಯಲ್ಲೇ ದಾವಣಗೆರೆಯ ಹುಡುಗನ ಕೈಗೆ ಅಮೆರಿಕದ ಪಠ್ಯ ಎಟುಕಿತು. ಏಷ್ಯಾದ ಅಗ್ಗದ ಮುದ್ರಣಗಳನ್ನು ತರಿಸಿ ಅಮೆರಿಕದಲ್ಲಿ ಮಾರಿದ ಥಾಯ್ ವಿದ್ಯಾರ್ಥಿಯೊಬ್ಬನ ಪರವಾಗಿ 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕೊಂಡ ಪುಸ್ತಕ ಕೊಂಡವನದೇ ಎಂಬ ಆ ನ್ಯಾಯ ನನಗೆ ಒಪ್ಪಿಗೆ. ಅಗ್ಗದ ಮುದ್ರಣಗಳ ಬುಡಕ್ಕೆ ಅದು ಕೊಡಲಿಯಾಗಬಲ್ಲದು ಎಂಬ ಆತಂಕವೂ ಅಷ್ಟೇ ಇದೆ.

ಆಟಗಳಲ್ಲಿ ಇಂಥ ಆತಂಕ ನಿಜವಾಗಿದೆ. ಅರ್ಜೆಂಟೀನಾ ಮತ್ತು ಟರ್ಕಿಯಲ್ಲಿ ಬೆಲೆ ಬಹಳ ಕಡಿಮೆ ಇದ್ದಾಗ ಬೇರೆ ದೇಶದವರು ಖಾತೆಯ ವಿಳಾಸ ಬದಲಿಸಿ ಅಲ್ಲಿಂದ ಕೊಳ್ಳುತ್ತಿದ್ದರು. 2021ರಲ್ಲಿ ವಾಲ್ವ್, ಮೂರು ತಿಂಗಳಿಗೊಮ್ಮೆ ಮಾತ್ರ ದೇಶ ಬದಲಿಸಬಹುದು ಎಂದು ಬಿಗಿ ಮಾಡಿತು. 2023ರ ನವೆಂಬರಿನಲ್ಲಿ, ಕರೆನ್ಸಿಯ ಏರಿಳಿತದ ಕಾರಣ ಕೊಟ್ಟು, ಎರಡೂ ದೇಶಗಳ ಬೆಲೆಯನ್ನು ಡಾಲರಿಗೆ ಬದಲಿಸಿತು. ಅನೇಕ ಆಟಗಳ ಬೆಲೆ ಅಲ್ಲಿ ಹಲವು ಪಟ್ಟು ಏರಿತು.

ಹಾಗಿರುವಾಗ ಮಾಯಕೊಂಡದ ದೃಷ್ಟಿಯಿಂದ ಬೇಲಿ ಬೇಕು. ತಕರಾರು ಇರಬೇಕಾದದ್ದು ಬೇಲಿಯನ್ನು ಎಲ್ಲಿ ಹಾಕಿದರು, ಯಾವ ಅಳತೆಯಿಂದ ಹಾಕಿದರು ಎಂಬುದರ ಬಗ್ಗೆ. 2015ರ ನವೆಂಬರಿನಲ್ಲಿ ಸ್ಟೀಮ್ ರೂಪಾಯಿಗೆ ಬಂದದ್ದು ನಮಗೆ ಅನುಕೂಲವಾಯಿತು: 2020ರಲ್ಲಿ 59.99 ಡಾಲರಿನ ‘ಸೈಬರ್‌ಪಂಕ್ 2077’ ಇಲ್ಲಿ 2,999 ರೂಪಾಯಿಗೆ, ಅಂದರೆ ಡಾಲರ್ ಬೆಲೆಗಿಂತ ಮೂರನೇ ಒಂದು ಪಾಲು ಕಡಿಮೆಗೆ ಸಿಕ್ಕಿತು. ಆದರೆ ರೂಪಾಯಿಯೂ ಯೂರೋದಂತೆ ಒಂದೇ ಹೊದಿಕೆ. ಬೆಂಗಳೂರಿನ ಸಾಫ್ಟ್‌ವೇರ್ ಸಂಬಳಕ್ಕೂ ಮಾಯಕೊಂಡದ ದಿನಗೂಲಿಗೂ ಬೆಲೆ ಒಂದೇ, ಇಬ್ಬರಿಗೂ 18 ಶೇಕಡಾ ಜಿಎಸ್‌ಟಿಯೂ ಒಂದೇ. 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಮು ಮಾರುಕಟ್ಟೆಯಲ್ಲಿ ಪ್ರಾಬಲ್ಯವಿರುವ ಸಂಸ್ಥೆ ಅನ್ಯಾಯದ ಅಥವಾ ತಾರತಮ್ಯದ ಬೆಲೆ ಹೇರುವುದನ್ನು ತಡೆಯುತ್ತದೆ. ಎಲ್ಲರಿಗೂ ಒಂದೇ ಬೆಲೆ ಇರುವಲ್ಲಿ ತಾರತಮ್ಯವೆಂದು ವಾದಿಸುವುದು ಕಷ್ಟ.

ಆದ್ದರಿಂದ ಎರಡು ಕೆಲಸ ಆಗಬೇಕೆಂದು ನನ್ನ ವಾದ. 2022ರ ಅಕ್ಟೋಬರಿನಲ್ಲಿ ವಾಲ್ವ್ ಪ್ರತಿ ಕರೆನ್ಸಿಗೂ ಶಿಫಾರಸು ಬೆಲೆಗಳನ್ನು ಪರಿಷ್ಕರಿಸಿದಾಗ ಕೊಳ್ಳುವ ಶಕ್ತಿಯನ್ನೂ ಗ್ರಾಹಕ ಬೆಲೆ ಸೂಚ್ಯಂಕವನ್ನೂ ಗಮನಿಸಿರುವುದಾಗಿ ಹೇಳಿತು. ಅದನ್ನು ಪಾಲಿಸುವ ಕಟ್ಟುಪಾಡು ಪ್ರಕಾಶಕರಿಗಿಲ್ಲ. ಶಿಫಾರಸಿಗಿಂತ ಎಷ್ಟು ಹೆಚ್ಚು ಇಟ್ಟಿದ್ದಾರೆಂಬುದು ಬೆಲೆಯ ಪಕ್ಕದಲ್ಲೇ ಕೊಳ್ಳುವವನಿಗೆ ಕಾಣಬೇಕು. ಎರಡನೆಯದು ವಿದ್ಯಾರ್ಥಿ ದರ. ಆಟೋಡೆಸ್ಕ್, ಜೆಟ್‌ಬ್ರೇನ್ಸ್‌ನಂಥ ಕಂಪನಿಗಳು ಕಾಲೇಜಿನ ಗುರುತಿನ ಮೇಲೆ ತಮ್ಮ ತಂತ್ರಾಂಶವನ್ನು ವಿದ್ಯಾರ್ಥಿಗಳಿಗೆ ಉಚಿತವಾಗಿಯೇ ಕೊಡುತ್ತಿವೆ. ಮಾಯಕೊಂಡದಿಂದ ದಾವಣಗೆರೆಯ ಕಾಲೇಜಿಗೆ ಓಡಾಡುವ ಹುಡುಗನೂ ಲಾಟ್ವಿಯಾದ ರೀಗಾದ ವಿದ್ಯಾರ್ಥಿಯೂ ಅದೇ ಗುರುತಿನಿಂದ ಆಟವನ್ನೂ ಕೊಳ್ಳುವಂತಾಗಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.