ಮಿನುಗಿ ಆರುತ್ತಿದ್ದ ದೀಪ

ನಮ್ಮ ಹಳ್ಳಿಗಳಲ್ಲಿ 'ಬ್ಯಾಟರಿ' ಎಂದರೆ ಟಾರ್ಚು. ಅದರೊಳಗೆ ಹಾಕುವುದು 'ಸೆಲ್ಲು'. ಅಮೆರಿಕದವರು ಅದನ್ನೇ 'ಫ್ಲ್ಯಾಶ್‌ಲೈಟ್' ಎನ್ನುತ್ತಾರೆ. ಒಂದೇ ಸಮನೆ ಬೆಳಗುವ ದೀಪಕ್ಕೆ ಕ್ಷಣಮಾತ್ರ ಮಿನುಗುವುದೆಂಬ ಅರ್ಥದ ಹೆಸರೇಕೆ? ಅದರ ಚರಿತ್ರೆ ಆ ಹೆಸರಿನಲ್ಲಿಯೇ ಅಡಗಿದೆ.

1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ರೂಪಿಸಿದ ವಿದ್ಯುತ್‌ಕೋಶವು ನವಸಾಗರದ ದ್ರಾವಣ ತುಂಬಿದ ಗಾಜಿನ ಪಾತ್ರೆಯಾಗಿತ್ತು. ಅದನ್ನು ಜೇಬಿನಲ್ಲಿ ಒಯ್ಯುವಂತಿರಲಿಲ್ಲ. 1886ರಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಆ ದ್ರವಕ್ಕೆ ಪ್ಲಾಸ್ಟರ್ ಬೆರೆಸಿ ಗಟ್ಟಿಮಾಡಿ, ಸತುವಿನ ಕವಚದಲ್ಲಿ ತುಂಬಿದನು. ಒಣಕೋಶ ಹುಟ್ಟಿದ್ದು ಹೀಗೆ. 1899ರ ಜನವರಿ 10ರಂದು ಅಮೆರಿಕದಲ್ಲಿ ಡೇವಿಡ್ ಮಿಸೆಲ್‌ನಿಗೆ ಕೊಳವೆಯಾಕಾರದ ಕೈದೀಪಕ್ಕೆ ಪೇಟೆಂಟ್ ದೊರೆಯಿತು. ಕಾನ್ರಾಡ್ ಹ್ಯೂಬರ್ಟನ ಕಂಪನಿ ಅದನ್ನು ತಯಾರಿಸಿ, ನ್ಯೂಯಾರ್ಕಿನ ಪೊಲೀಸರಿಗೆ ಕೆಲವನ್ನು ಉಚಿತವಾಗಿ ಹಂಚಿತು.

ಆದರೆ ಅಂದಿನ ಸೆಲ್ಲುಗಳು ದುರ್ಬಲ, ಬಲ್ಬಿನ ಇಂಗಾಲದ ತಂತುವೋ ವಿದ್ಯುತ್ತನ್ನು ಬಹಳ ಬೇಡುವಂಥದು. ಕ್ಷಣಕಾಲ ಒತ್ತಿ, ಬೆಳಕು ಕಂಡು, ಸೆಲ್ಲಿಗೆ ವಿಶ್ರಾಂತಿ ಕೊಡಬೇಕಾಗಿತ್ತು. ಆ ದೌರ್ಬಲ್ಯವೇ ಹೆಸರಾಗಿ ಉಳಿಯಿತು. 1910ರಲ್ಲಿ ವಿಲಿಯಂ ಕೂಲಿಡ್ಜ್ ಟಂಗ್‌ಸ್ಟನ್ನನ್ನು ತೆಳುತಂತಿಯಾಗಿ ಎಳೆಯುವ ವಿಧಾನ ಕಂಡುಹಿಡಿದ ಬಳಿಕ ಬಲ್ಬುಗಳು ಗಟ್ಟಿಯಾದವು.

ಸೆಲ್ಲಿನ ಸ್ವಭಾವ ಮಾತ್ರ ಬದಲಾಗಲಿಲ್ಲ. ಸಾಧಾರಣ ಸೆಲ್ಲಿನಲ್ಲಿ ಸತುವಿನ ಕವಚವೇ ಋಣಧ್ರುವ. ವಿದ್ಯುತ್ ಕೊಡುತ್ತ ಕೊಡುತ್ತ ಅದು ಕರಗುತ್ತದೆ. ಕಡೆಗೆ ತೂತಾಗಿ ಒಳಗಿನ ರಸ ಸೋರಿ ಸ್ಪ್ರಿಂಗಿಗೆ ಕಿಲುಬು ಹಿಡಿಸುತ್ತದೆ. ಹಿರಿಯರು ಬಳಸದ ಟಾರ್ಚಿನಿಂದ ಸೆಲ್ಲು ತೆಗೆದಿಡುತ್ತಿದ್ದುದು ಜಿಪುಣತನದಿಂದಲ್ಲ. ಹಳೆಯ ಸೆಲ್ಲಿನೊಡನೆ ಹೊಸದನ್ನು ಬೆರೆಸಬಾರದೆಂಬುದಕ್ಕೂ ಕಾರಣವಿದೆ: ಬಲವಾದದ್ದು ನಿಶ್ಶಕ್ತವಾದದ್ದರ ಮೂಲಕ ಬಲವಂತವಾಗಿ ವಿದ್ಯುತ್ ಹರಿಸಿ ಅದನ್ನು ಬೇಗ ಸೋರುವಂತೆ ಮಾಡುತ್ತದೆ.

ಈಗ ಎಲ್‌ಇಡಿ ಕಾಲ. ಅದಕ್ಕೆ ದಾರಿ ತೆರೆದ ನೀಲಿ ಎಲ್‌ಇಡಿಗಾಗಿ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಬಲ್ಬು ಸುಟ್ಟುಹೋಗುವ ಚಿಂತೆ ಹೆಚ್ಚುಕಡಮೆ ತಪ್ಪಿತು. ಆದರೆ ಹೊಸದೊಂದು ಅಪಾಯ ಬಂದಿದೆ. ಹಿಂದೆ ಬೇಗ ಮುಗಿಯುತ್ತಿದ್ದ ಸೆಲ್ಲು ಈಗ ಬಹುಕಾಲ ಬರುವುದರಿಂದ ನಾವು ಅದನ್ನು ಮರೆತೇಬಿಡುತ್ತೇವೆ. ಮರೆತ ಸೆಲ್ಲು ಒಳಗೇ ಸೋರುತ್ತದೆ. ಕರೆಂಟು ಹೋದ ಮಳೆಗಾಲದ ರಾತ್ರಿ, ಗದ್ದೆಯ ಬದುವಿನ ಮೇಲೆ ಹಾವು ಮಲಗಿರುವಾಗ, ಅದು ತಿಳಿದು ಫಲವೇನು?

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಚಿಕ್ಕ ಮನೆಪಾಠ: ತಿಂಗಳಿಗೊಮ್ಮೆ ಟಾರ್ಚಿನ ಹಿಂಬದಿಯ ಮುಚ್ಚಳ ಬಿಚ್ಚಿ ನೋಡಿರಿ. ಸ್ಪ್ರಿಂಗನ್ನು ಒಣಬಟ್ಟೆಯಿಂದ ಒರೆಸಿರಿ. ಊರಿಗೆ ಹೋದಾಗ ಅಜ್ಜ ಅಜ್ಜಿಯರ ದಿಂಬಿನ ಪಕ್ಕದ ಬ್ಯಾಟರಿಯನ್ನೂ ಒಮ್ಮೆ ಪರೀಕ್ಷಿಸಿರಿ.