ಬೆಹಾಲಾದ ಒಂದು ಮನೆ, ಕೋಲ್ಕತ್ತಾದ ಹುಟ್ಟುಹಬ್ಬ

ಕೋಲ್ಕತ್ತಾದ ನಡುವಿನಿಂದ ಡೈಮಂಡ್ ಹಾರ್ಬರ್ ರಸ್ತೆ ಹಿಡಿದು ದಕ್ಷಿಣಕ್ಕೆ ಹೋದರೆ ಬೆಹಾಲಾ ಸಿಗುತ್ತದೆ. ಕ್ರಿಕೆಟ್ ನೋಡುವ ಕನ್ನಡಿಗರಿಗೆ ಅದು ಸೌರವ್ ಗಂಗೂಲಿಯ ಊರು. ಅಲ್ಲೇ ಬರಿಷಾ ಎಂಬಲ್ಲಿ ಸಾಬರ್ಣ ರಾಯ್ ಚೌಧುರಿ ಎಂಬ ಹಳೆಯ ಜಮೀನ್ದಾರಿ ಮನೆತನವಿದೆ. ಅವರ ಅಂಗಳದ ದುರ್ಗಾಪೂಜೆ 1610ರಿಂದ ನಡೆದುಬಂದಿದೆ ಎಂಬುದು ಮನೆಯವರ ಮಾತು. ಈಗ ಜಮೀನು ಹೋಗಿದೆ, ಜಮೀನ್ದಾರಿಯೂ ಹೋಗಿದೆ. ಉಳಿದದ್ದು ಕಂಬಗಳು, ಪೂಜೆ ಮತ್ತು ಕಾಗದ.

ಆ ಕಾಗದವೇ ಒಂದು ಮಹಾನಗರದ ಹುಟ್ಟುಹಬ್ಬವನ್ನು ನಿಲ್ಲಿಸಿತು.

ಕೋಲ್ಕತ್ತಾ ಹುಟ್ಟಿದ್ದು 1690ರ ಆಗಸ್ಟ್ 24ರಂದು, ಅದನ್ನು ಸ್ಥಾಪಿಸಿದವನು ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕ್ ಎಂದು ತಲೆಮಾರುಗಳ ಮಕ್ಕಳು ಓದಿದ್ದರು. ಅಂದು ಚಾರ್ನಾಕ್ ಸುತಾನುಟಿಯ ದಂಡೆಗೆ ಇಳಿದದ್ದು ನಿಜ, ಆದರೆ ಅದು ಅವನ ಮೂರನೆಯ ಬರುವಿಕೆ. 1990ರಲ್ಲಿ ನಗರ ತನ್ನ ಮುನ್ನೂರನೆಯ ವರ್ಷವನ್ನು ಆಚರಿಸಿಯೂ ಬಿಟ್ಟಿತು. 2001ರಲ್ಲಿ, ಕಲ್ಕತ್ತಾ ಅಧಿಕೃತವಾಗಿ ಕೋಲ್ಕತ್ತಾ ಆದ ವರ್ಷವೇ, ಬರಿಷಾದ ಮನೆತನದ ಪರಿಷತ್ತು ಕಲ್ಕತ್ತಾ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ಚಾರ್ನಾಕ್ ಸ್ಥಾಪಕನಲ್ಲ, ಆಗಸ್ಟ್ 24 ಹುಟ್ಟಿದ ದಿನವೂ ಅಲ್ಲ ಎಂಬುದು ಅವರ ವಾದ.

ಅವರ ಮುಖ್ಯ ಸಾಕ್ಷ್ಯ 1698ರ ನವೆಂಬರ್ 10ರ ಒಂದು ಪತ್ರ. ಸುತಾನುಟಿ, ಕಲಿಕಾತಾ, ಗೋವಿಂದಪುರ ಎಂಬ ಮೂರು ಹಳ್ಳಿಗಳನ್ನು 1,300 ರೂಪಾಯಿಗೆ ಕಂಪನಿಗೆ ಬಿಟ್ಟುಕೊಟ್ಟ ಫಾರ್ಸಿ ದಾಖಲೆ ಅದು. ಕಂಪನಿಯ ಪರವಾಗಿ ವ್ಯವಹಾರ ಮಾಡಿದವನು ಚಾರ್ನಾಕ್‌ನ ಅಳಿಯ ಚಾರ್ಲ್ಸ್ ಐರ್. ಇದಕ್ಕೆ ಮೊದಲು ಔರಂಗಜೇಬನ ಮೊಮ್ಮಗ ಅಜೀಮ್-ಉಸ್-ಶಾನ್‌ನ ಒಪ್ಪಿಗೆ ಬೇಕಿತ್ತು, ಅದಕ್ಕೆ ಕಂಪನಿ ಕೊಟ್ಟದ್ದು 16,000 ರೂಪಾಯಿ. ಹಳ್ಳಿಗಿಂತ ಅಪ್ಪಣೆಯೇ ಹನ್ನೆರಡು ಪಟ್ಟು ದುಬಾರಿ! ಕೈಬದಲಾದದ್ದು ನೆಲದ ಒಡೆತನವಲ್ಲ, ಕಂದಾಯ ವಸೂಲಿಯ ಹಕ್ಕು. ಹಾಗಾಗಿ ಇದು ಮಾರಾಟವಲ್ಲ, ಗುತ್ತಿಗೆ ಎಂದು ಮನೆತನದವರು ಇಂದಿಗೂ ಪಟ್ಟು ಹಿಡಿಯುತ್ತಾರೆ. ಗುತ್ತಿಗೆಯೋ ಮಾರಾಟವೋ, ಪತ್ರ ಆಗುವ ಹೊತ್ತಿಗೆ ಚಾರ್ನಾಕ್ ಸತ್ತು ಐದು ವರ್ಷ ಕಳೆದಿತ್ತು.

ಅವನು ಸತ್ತದ್ದು ಯಾವಾಗ ಎಂಬುದೂ ಒಂದು ಪಾಠವೇ. ಸೇಂಟ್ ಜಾನ್ಸ್ ಚರ್ಚಿನ ಅಂಗಳದಲ್ಲಿರುವ ಸಮಾಧಿಯ ಮೇಲೆ 1692ರ ಜನವರಿ 10 ಎಂದಿದೆ. ಆಗಿನ ಇಂಗ್ಲಿಷ್ ಲೆಕ್ಕದಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆದ್ದರಿಂದ ಅದು ನಮ್ಮ 1693. ಅದೇ ಹಳೆಯ ಪಂಚಾಂಗದ ಆಗಸ್ಟ್ 24 ಈಗಿನ ಲೆಕ್ಕಕ್ಕೆ ಸೆಪ್ಟೆಂಬರ್ 3. ಅಂದರೆ ಇಡೀ ನಗರ ಹುಟ್ಟುಹಬ್ಬವನ್ನು ಹತ್ತು ದಿನ ಮೊದಲೇ ಆಚರಿಸುತ್ತಿತ್ತು. ಇದನ್ನು ಕಂಡುಹಿಡಿಯಲು ವಿಶ್ವವಿದ್ಯಾಲಯ ಬೇಕಿಲ್ಲ, ಅನುಮಾನ ಪಡುವ ಅಭ್ಯಾಸ ಸಾಕು.

ಹೈಕೋರ್ಟು ಇತಿಹಾಸಕಾರರ ಸಮಿತಿಯೊಂದರ ಅಭಿಪ್ರಾಯ ಕೇಳಿತು. ಕಂಪನಿ ಬರುವ ಮೊದಲೇ ಅಲ್ಲಿ ಊರಿತ್ತು, ವ್ಯಾಪಾರವಿತ್ತು. ಅಕ್ಬರನ ಕಾಲದ ಐನ್-ಇ-ಅಕ್ಬರಿಯ ಕಂದಾಯದ ಪಟ್ಟಿಯಲ್ಲೇ ಕಲಿಕಾತಾ ಹೆಸರಿದೆ. 2003ರ ಮೇ ತಿಂಗಳಲ್ಲಿ ತೀರ್ಪು ಬಂತು: ಚಾರ್ನಾಕ್ ಸ್ಥಾಪಕನಲ್ಲ, ನಗರಕ್ಕೆ ಇಂಥದೇ ಎಂಬ ಹುಟ್ಟಿದ ದಿನವಿಲ್ಲ.

ಆದರೆ ತೀರ್ಪು ಅಲ್ಲಿಗೇ ನಿಂತಿತು. ತೆರವಾದ ಪೀಠದಲ್ಲಿ ಅದು ಬೇರೆ ಯಾರನ್ನೂ ಕೂರಿಸಲಿಲ್ಲ. ಮನೆತನದ ಮೂಲಪುರುಷ ಲಕ್ಷ್ಮೀಕಾಂತನೂ ನಗರದ ಸ್ಥಾಪಕನಾಗಲಿಲ್ಲ. ಹಳ್ಳಿಗಳು ಬೆಳೆದು, ಕೂಡಿಕೊಂಡು ನಗರವಾದವು, ಅಷ್ಟೆ. ಮನೆಯವರು 2005ರಲ್ಲಿ ತಮ್ಮ ಹಿರಿಮನೆಯಲ್ಲೇ ಸಾಬರ್ಣ ಸಂಗ್ರಹಶಾಲಾ ಎಂಬ ವಸ್ತುಸಂಗ್ರಹಾಲಯ ತೆರೆದರು.

ಮನೆಯಲ್ಲೇ ಕೂತು, ಲ್ಯಾಪ್‌ಟಾಪ್ ಇಟ್ಟುಕೊಂಡು, ದುಡ್ಡಿಗೆ ಸಂಶೋಧನೆ ಮಾಡಿಕೊಡುವ ಕಸುಬು ಶುರುಮಾಡಲು ಹೊರಟವರು ಬರಿಷಾದ ಈ ವ್ಯಾಜ್ಯವನ್ನು ಒಮ್ಮೆ ಓದಬೇಕು. ವಂಶಾವಳಿ, ಊರಿನ ಚರಿತ್ರೆ, ಹಳೆಯ ಆಸ್ತಿಪತ್ರ ಕೇಳಿಕೊಂಡು ಬರುವ ಗಿರಾಕಿಗೆ ಸಾಮಾನ್ಯವಾಗಿ ಉತ್ತರ ಮೊದಲೇ ಗೊತ್ತಿರುತ್ತದೆ. ಅವನಿಗೆ ಬೇಕಾದದ್ದು ಆಧಾರ ಮಾತ್ರ. ಅಜ್ಜನ ಅಜ್ಜ ಪಾಳೇಗಾರನಾಗಿದ್ದ ಎಂದು ಬರೆಸಿಕೊಳ್ಳಲು ಬಂದವನಿಗೆ ‘ಅವರು ಶಾನುಭೋಗರ ಕೈಕೆಳಗೆ ಲೆಕ್ಕ ಬರೆಯುತ್ತಿದ್ದರು’ ಎಂದು ಹೇಳಿದರೆ ಬಾಕಿ ಹಣ ಬರುತ್ತದೆಯೇ? ಈ ಕಸುಬಿನ ಕಷ್ಟ ಇಂಟರ್ನೆಟ್ಟಿನದಲ್ಲ, ಇಂಥ ಮಾತಿನದು. ಬೆಹಾಲಾದಲ್ಲಿ ಗಿರಾಕಿಯೂ ಸಂಶೋಧಕನೂ ಒಂದೇ ಮನೆಯವರು. ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಅವರ ಪರ, ಉಳಿದರ್ಧ ಯಾರ ಪರವೂ ಅಲ್ಲ. ಆಮೇಲೆಯೂ ಅವರು ಕಾಗದ ಕೂಡಿಡುವುದನ್ನು ಬಿಡಲಿಲ್ಲ ಎಂಬುದು ದೊಡ್ಡ ಸಂಗತಿ.

ಬೆಂಗಳೂರಿನಲ್ಲೂ ಇಂಥದೇ ಒಂದು ಕೆಲಸ ನಡೆದಿದೆ, ಗಲಾಟೆಯಿಲ್ಲದೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿ ಪೇಟೆ ನೆಲೆಗೊಳಿಸಿದರು ಎಂಬುದು ಎಲ್ಲರಿಗೂ ಗೊತ್ತು. ಬೇಗೂರಿನ ನಾಗೇಶ್ವರ ದೇವಸ್ಥಾನದ ಸುಮಾರು ಕ್ರಿ.ಶ. 890ರ ವೀರಗಲ್ಲಿನಲ್ಲಿ ‘ಬೆಂಗುಳೂರು’ ಕಾಳಗದ ಪ್ರಸ್ತಾಪವಿದೆ. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಅಚ್ಚು ಹಾಕಿಸಿದರು. ಆಮೇಲೆ ಊರು ಬೆಳೆದು ಕಲ್ಲುಗಳನ್ನು ನುಂಗಿತು. ಇತ್ತೀಚಿನ ವರ್ಷಗಳಲ್ಲಿ ಎಂಜಿನಿಯರುಗಳೂ ಇತರ ಉದ್ಯೋಗದವರೂ ರೈಸರ ಸಂಪುಟವನ್ನು ನಕ್ಷೆಯಂತೆ ಹಿಡಿದು, ಬಿಡುವಿದ್ದಾಗ ಹೋಗಿ, ಚರಂಡಿಯ ಬದಿ, ಗೋಡೆಯ ಮರೆಯಲ್ಲಿದ್ದ ಕಲ್ಲುಗಳನ್ನು ಹುಡುಕಿದರು. ಸಿಕ್ಕಿದ್ದನ್ನು ಫೋಟೊ ಸಹಿತ ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಈಗ ಈ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸಿ ಅಂತರ್ಜಾಲಕ್ಕೆ ಏರಿಸುತ್ತಿದೆ. ಅಕ್ಷರ ಸವೆದ ಕಲ್ಲನ್ನೂ ಮನೆಯಲ್ಲೇ ಕೂತು ಪರದೆಯ ಮೇಲೆ ತಿರುಗಿಸಿ ಓದಬಹುದು.

2018ರಲ್ಲಿ ಹೀಗೆಯೇ ಹೆಬ್ಬಾಳದ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಕಾದಾಡಿ ಮಡಿದವನ ಹೆಸರು ಕಿತ್ತಯ್ಯ. ಅವನು ಯಾವ ಊರನ್ನೂ ಸ್ಥಾಪಿಸಿದವನಲ್ಲ. ಹೆಬ್ಬಾಳದ ಜನ ಆ ಕಲ್ಲಿಗೊಂದು ಮಂಟಪ ಕಟ್ಟಿಸಿದ್ದಾರೆ.